ಕ್ರಿಸ್‌ಮಸ್ ಸಿನಿಮಾದ ಉಳಿದ ಕಥೆ

ನಮ್ಮ ಮನೆಯ ಟೀವಿಗೆ ಅವ್ವ ತನ್ನ ಹಳೆಯ ಸೀರೆಯ ಸೆರಗಿನಿಂದ ಒಂದು ಪರದೆ ಹೊಲಿಸಿದ್ದಳು. ಚಳ್ಳಕೆರೆಯ ಧೂಳಿಗೆ ಹೆದರಿ ಅಂದುಕೊಂಡಿರಾ? ಅಲ್ಲ. ಪರದೆಯಿದ್ದರೆ ಅದನ್ನು ಸರಿಸುವ ಅಧಿಕಾರವೂ ಇರುತ್ತದೆ, ಆ ಅಧಿಕಾರ ತನ್ನೊಬ್ಬಳಲ್ಲೇ ಇರಬೇಕು ಎಂಬುದು ಅವಳ ರಾಜನೀತಿ. ಡಿಸೆಂಬರ್ ಇಪ್ಪತ್ತೈದರ ಬೆಳಿಗ್ಗೆ ಮಾತ್ರ ಅವಳು ಯಾರೂ ಕೇಳದೆಯೇ ಪರದೆ ಸರಿಸಿ, ಓಣಿಯ ಹೆಂಗಸರಿಗೆಲ್ಲ ಚಾಪೆ ಹಾಸಿ, ತಾನು ಟೀವಿಯ ಪಕ್ಕದಲ್ಲಿ ಕೂರುತ್ತಿದ್ದಳು.

ಅಂದು ನಮ್ಮೂರಿನ ಕೇಬಲ್ಲಿನಲ್ಲಿ ಏಸುವಿನ ಸಿನಿಮಾ. ಕೇಬಲ್ಲಿನ ಒಡೆಯ ತಿಪ್ಪೇಶಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಒಂದು ವೀಸಿಆರ್ ಇಟ್ಟುಕೊಂಡು, ಬೇವಿನ ಮರದಿಂದ ಮರಕ್ಕೆ ತಂತಿ ಎಸೆದು, ಊರಿಗೊಂದು ಚಾನೆಲ್ ಕರುಣಿಸಿದ್ದ ಪುಣ್ಯಾತ್ಮ. ಕೆಳಗೆ ಗಿರಣಿ ತಿರುಗಿದರೆ ಮೇಲೆ ದೇವಾನುದೇವತೆಗಳೂ ನಡುಗುತ್ತಿದ್ದರು. ಹಬ್ಬಕ್ಕೊಂದು ಸಿನಿಮಾ ಹಾಕುವುದು ಅವನ ವ್ರತ. ಕ್ರಿಸ್‌ಮಸ್ಸಿಗೆ ಅವನಲ್ಲಿದ್ದದ್ದು ಒಂದೇ ಒಂದು ತೆಲುಗು ಕ್ಯಾಸೆಟ್ಟು.

ಆಂಧ್ರದ ಗಡಿಯಂಚಿನ ರಾಂಪುರದ ಕಡೆಯವಳಾದ ಅವ್ವನಿಗೆ ತೆಲುಗು ತವರಿನ ಮಾತು. ಅವಳು ಸಾಲುಸಾಲಿಗೂ ಕನ್ನಡ ಮಾಡಿ ಹೇಳುತ್ತಿದ್ದಳು. ತೆಲುಗು ಚೆನ್ನಾಗಿ ಬಲ್ಲವರಿಗೂ ಅವ್ವನ ಕನ್ನಡವೇ ಬೇಕಾಗಿತ್ತು, ಏಕೆಂದರೆ ಸಿನಿಮಾದಲ್ಲಿ ಇಲ್ಲದ ಬೈಗುಳಗಳೆಲ್ಲ ಅದರಲ್ಲಿ ಉಚಿತವಾಗಿ ಸಿಗುತ್ತಿದ್ದವು. ರೋಮಿನ ಅಧಿಕಾರಿ ಅವಳ ಬಾಯಲ್ಲಿ ತಹಶೀಲ್ದಾರನಾಗಿದ್ದ. "ನೋಡ್ರೇ, ಈ ತಹಶೀಲ್ದಾರಂಗೆ ಎಲ್ಲಾ ಗೊತ್ತೈತೆ, ಆದ್ರೂ ಹೆಂಗೆ ಕೈ ತೊಳ್ಕಂತಾನೆ! ಇವನ ಕೈ ಸೇದಿಹೋಗ!"

ಮೊದಲ ವರ್ಷ ಏಸು ಶಿಲುಬೆಯ ಮೇಲೆ ತಲೆ ವಾಲಿಸಿದ್ದೇ ತಡ, ಟೀವಿಯಲ್ಲಿ ಗೆರೆಗಳೆದ್ದು, ಎಲ್ಲ ನೀಲಿಯಾಗಿ, ಮರುಗಳಿಗೆಗೆ ಶೇಂಗಾ ಎಣ್ಣೆಯ ಜಾಹೀರಾತು ಬಂತು. ವೀಸಿಆರ್ ಕ್ಯಾಸೆಟ್ಟಿನ ಕೊನೆಯ ಭಾಗವನ್ನು ನುಂಗಿಬಿಟ್ಟಿತ್ತು. ಉಳಿದದ್ದನ್ನು ತಿಪ್ಪೇಶಿ ಕತ್ತರಿಸಿ ಅಂಟಿಸಿ ಮುಂದಿನ ವರ್ಷಕ್ಕೆ ಕಾದಿರಿಸಿದ. ಹೀಗಾಗಿ ಮರುವರ್ಷವೂ ಕಥೆ ಅಲ್ಲಿಗೇ ನಿಂತಿತು. ಹೆಂಗಸರು ಮೂಗು ಒರೆಸಿಕೊಂಡು ಮನೆಗಳಿಗೆ ಹೋದರು. ಅವ್ವ ಊಟ ಮಾಡಲಿಲ್ಲ.

"ಮೂರನೇ ದಿನಕ್ಕೆ ಎದ್ದು ಬಂದನಂತೆ ಕಣವ್ವ," ಎಂದೆ ನಾನು, ಎಲ್ಲೋ ಓದಿದ ನೆನಪಿನಲ್ಲಿ.

"ಅಂತೆಕಂತೆ ನನ್ಹತ್ರ ಬ್ಯಾಡ. ನಾನು ಕಣ್ಣಾರೆ ನೋಡೀನಿ, ಸತ್ತ," ಎಂದಳು.

ಕಣ್ಣಾರೆ ಕಂಡವರೊಡನೆ ವಾದಿಸಬಾರದು, ಗೆಳೆಯರೇ. ಅದರಲ್ಲೂ ಅವರು ಕಂಡದ್ದು ಟೀವಿಯಲ್ಲಾದರೆ ಸುಮ್ಮನಿರುವುದೇ ಲೇಸು.

ಮುಂದಿನ ವರ್ಷ ನಮ್ಮ ಹಿಂದಿನ ಓಣಿಗೆ ಸರ್ಕಾರಿ ಆಸ್ಪತ್ರೆಯ ನರ್ಸ್ ಗ್ರೇಸಮ್ಮ ಬಾಡಿಗೆಗೆ ಬಂದರು. ಆ ಕ್ರಿಸ್‌ಮಸ್ಸಿನ ಸಿನಿಮಾ ಯಥಾಪ್ರಕಾರ ಶಿಲುಬೆಯಲ್ಲಿ ಮುಗಿಯುತ್ತಲೇ ಅವ್ವ ಎದ್ದು ಅಡುಗೆಮನೆಗೆ ಹೋದಳು. ಕ್ಯಾರಿಯರ್‌ಗೆ ಮುದ್ದೆ ಸಾರು ತುಂಬಿ, "ನಡಿ," ಎಂದಳು.

"ಎಲ್ಲಿಗೆ?"

"ಗ್ರೇಸಮ್ಮನ ಮನೆಗೆ. ಪಾಪ, ಒಬ್ಬಳೇ ಐದಾಳೆ. ಸಾವಾದ ಮನೇಲಿ ಒಲೆ ಹಚ್ಚಿರ್ತಾರೇನು?"

ದಾರಿಯುದ್ದಕ್ಕೂ ನಾನು ಏನೇನೋ ಹೇಳಿದೆ. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಖವನ್ನು ಸಂತಾಪಕ್ಕೆ ಹದಗೊಳಿಸಿಕೊಂಡು ನಡೆದಳು. ಬಾಗಿಲು ತೆರೆದ ಗ್ರೇಸಮ್ಮ ಹೊಸ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನಗುತ್ತಿದ್ದರು. ಒಳಗಿನಿಂದ ಕರ್ಜಿಕಾಯಿ ಕರಿಯುವ ಘಮ. ಬಾಗಿಲ ಮೇಲೆ ಬಣ್ಣದ ಕಾಗದದ ನಕ್ಷತ್ರ. ಅವ್ವ ಕ್ಯಾರಿಯರ್ ಹಿಡಿದೇ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನವ್ವಾ ಇದು, ಇಂಥಾ ದಿನ ಹೂವ ಮುಡಿದೀಯ?"

"ಹಬ್ಬ ಅಲ್ವಾ ಓಬಮ್ಮನೋರೆ? ಇವತ್ತು ಆತ ಹುಟ್ಟಿದ ದಿನ."

"ಹುಟ್ಟಿದ್ನಾ? ಈಗ ತಾನೇ ಸತ್ತಿದ್ದನ್ನ ನೋಡಿ ಬಂದೀನಿ!"

ಗ್ರೇಸಮ್ಮ ನಗು ತಡೆದುಕೊಂಡು ಇಬ್ಬರನ್ನೂ ಕೂರಿಸಿ ಉಳಿದ ಕಥೆ ಹೇಳಿದರು. ನಸುಕಿನಲ್ಲಿ ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋದ ಹೆಣ್ಣುಮಕ್ಕಳು, ಉರುಳಿಹೋಗಿದ್ದ ಕಲ್ಲು, ಬರಿದಾದ ಗುಹೆ. ಅವ್ವ ಕರ್ಜಿಕಾಯಿಯನ್ನು ಕೈಯಲ್ಲೇ ಹಿಡಿದು ಕೇಳಿದಳು. ಕಡೆಗೆ ಅವಳ ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ಎದ್ದಾನೆ ಅಂತ ಮೊದ್ಲೇ ಹೇಳಬಾರ್ದಾ? ಇಷ್ಟು ವರ್ಷದ ಅಳು ದಂಡ ಆತಲ್ಲ!"

ಅಲ್ಲಿಂದ ನೇರ ಗಿರಣಿಯ ಮಹಡಿಗೆ. ಗ್ರೇಸಮ್ಮನನ್ನೂ ಕೈಹಿಡಿದು ಎಳೆದುಕೊಂಡೇ ಹೋದಳು.

"ಲೇ ತಿಪ್ಪೇಶಿ, ಅರ್ಧ ಕಥೆ ತೋರ್ಸಿ ಊರಿಗೆಲ್ಲಾ ಸೂತಕ ಅಂಟಿಸೀಯಲ್ಲೋ! ಇನ್ನರ್ಧ ಹಾಕು."

"ಅದನ್ನ ಮಿಷಿನ್ನು ತಿಂದೈತೆ ಓಬಮ್ಮಾರೇ, ಎಲ್ಲಿಂದ ತರ್ಲಿ?"

"ಇಕಾ, ಇವಳ ಬಾಯಾಗೈತೆ. ಮದುವೆ ಹಿಡಿಯೋ ಕ್ಯಾಮೆರಾ ಐತಲ್ಲ, ಹಚ್ಚು."

ಎಂಥೆಂಥ ಹೆರಿಗೆಗಳಿಗೂ ಅಂಜದ ಗ್ರೇಸಮ್ಮ ತಿಪ್ಪೇಶಿ ನೇರ ಕೇಬಲ್ಲಿಗೇ ಸಿಕ್ಕಿಸಿದ ಕ್ಯಾಮೆರಾದ ಕೆಂಪು ದೀಪ ಕಂಡದ್ದೇ ಬೆವೆತು ಮೂಕರಾದರು. ಆಗ ಅವ್ವ ತಾನೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಕ್ಯಾಮೆರಾ ನೋಡಬ್ಯಾಡ, ನನ್ನ ನೋಡು. ಆ ಹೆಣ್ಮಕ್ಳು ಹೋದ್ರಲ್ಲ, ಗಂಡಸ್ರೆಲ್ಲಾ ಎಲ್ಲಿ ಹಾಳಾಗಿ ಹೋಗಿದ್ರು?" ಎಂದು ಕೇಳಿದಳು.

"ಹೆದರ್ಕಂಡು ಬಾಗಿಲು ಹಾಕ್ಕಂಡು ಒಳಗೆ ಕುಂತಿದ್ರು," ಎಂದರು ಗ್ರೇಸಮ್ಮ.

ಆ ಮಧ್ಯಾಹ್ನ ಚಳ್ಳಕೆರೆಯ ಮನೆಮನೆಗಳಿಂದ ಒಟ್ಟಿಗೇ ಎದ್ದ ಹೆಂಗಸರ ನಗು ಗಿರಣಿಯ ಸದ್ದನ್ನೂ ಮೀರಿ ಕೇಳಿಸಿತು ಎಂದು ತಿಪ್ಪೇಶಿ ಈಗಲೂ ಆಣೆಯಿಟ್ಟು ಹೇಳುತ್ತಾನೆ. ಅಂದಿನಿಂದ ಅದೇ ಸಂಪ್ರದಾಯವಾಯಿತು: ಶಿಲುಬೆಯವರೆಗೆ ಸಿನಿಮಾ, ಆಮೇಲೆ ಗ್ರೇಸಮ್ಮ ಹೇಳುವುದು, ಅವ್ವ ಅಡ್ಡಬಾಯಿ ಹಾಕುವುದು. ಸಿನಿಮಾ ನೋಡದವರೂ ಆ ಹೊತ್ತಿಗೆ ಟೀವಿ ಹಚ್ಚುತ್ತಿದ್ದರು. ಕಥೆ ಯಾರದಾದರೇನು, ಕೇಳುವವಳು ಗಟ್ಟಿಯಾಗಿದ್ದರೆ ಹೇಳುವವಳ ನಾಲಿಗೆಗೆ ತಾನಾಗಿಯೇ ಬಲ ಬರುತ್ತದೆ ಎಂಬುದನ್ನು ನಾನು ಕಲಿತದ್ದು ಆ ಎರಡು ಕುರ್ಚಿಗಳಿಂದ.

ಕೆಲವು ವರ್ಷಗಳ ಮೇಲೆ ಗ್ರೇಸಮ್ಮನಿಗೆ ಮೊಳಕಾಲ್ಮುರಿಗೆ ವರ್ಗವಾಯಿತು. ಆ ಕ್ರಿಸ್‌ಮಸ್ಸಿಗೆ ತಿಪ್ಪೇಶಿ ಎಲ್ಲಿಂದಲೋ ಪೂರ್ತಿ ಸಿನಿಮಾದ ಸೀಡಿ ತಂದು, ಎದೆಯುಬ್ಬಿಸಿ ಹಾಕಿದ. ಏಸು ಎದ್ದ. ಬೆಳಕು ಹರಿಯಿತು, ಸಂಗೀತ ಮೊಳಗಿತು. ಅವ್ವ ಕಡೆಯ ತನಕ ನೋಡಿದಳು, ಒಂದು ಮಾತೂ ಕನ್ನಡ ಮಾಡದೆ.

"ಚೆನ್ನಾಗಿತ್ತಲ್ಲವ್ವ?" ಎಂದೆ.

"ಏನ್ ಚೆನ್ನಾಗೈತೆ? ಆ ಹೆಣ್ಮಕ್ಳು ಹಿಂಗೆ ಬಂದು ಹಂಗೆ ಹೋದ್ರು. ಒಂದು ಮಾತೂ ಆಡಿಸ್ಲಿಲ್ಲ," ಎಂದು ಸೆರಗು ಸಿಕ್ಕಿಸಿಕೊಂಡು ಗಿರಣಿಯ ಕಡೆ ಹೊರಟಳು, ಹಿಂದೆಯೇ ನಾನೂ.

ತಿಪ್ಪೇಶಿ ತಕರಾರಿಲ್ಲದೆ ಕ್ಯಾಮೆರಾ ಹಚ್ಚಿದ. ಅವ್ವ ಒಬ್ಬಳೇ ಕೂತು ಹೇಳತೊಡಗಿದಳು. ಪ್ರಶ್ನೆಯನ್ನು ತನ್ನ ದನಿಯಲ್ಲಿ ಕೇಳಿ, ಉತ್ತರವನ್ನು ಗ್ರೇಸಮ್ಮನ ಮೆಲುದನಿಯಲ್ಲಿ ಹೇಳಿದಳು. ಬಾಗಿಲು ಹಾಕಿಕೊಂಡ ಗಂಡಸರ ಭಾಗ ಬಂದಾಗ ಕೊಂಚ ನಿಂತು, ಊರು ನಕ್ಕು ಮುಗಿಸಲಿ ಎಂದು ಕಾದಳು. ಕಥೆ ಮುಗಿಸಿ ಕ್ಯಾಮೆರಾದತ್ತ ಬಗ್ಗಿದಳು.

"ಗ್ರೇಸಮ್ಮ, ನೋಡ್ತಿದೀಯೇನವ್ವ? ಎಲ್ಲಾದ್ರೂ ತಪ್ಪಿದ್ರೆ ಹೇಳಿಕಳ್ಸು."

ತಿಪ್ಪೇಶಿಯ ತಂತಿ ಊರ ಹೊರಗಿನ ಎಣ್ಣೆ ಗಿರಣಿಗಳನ್ನೇ ದಾಟುತ್ತಿರಲಿಲ್ಲ; ಮೊಳಕಾಲ್ಮುರು ಎಲ್ಲಿಯ ಮಾತು? ಅವ್ವ ನಮ್ಮಿಬ್ಬರ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತಿಪ್ಪೇಶಿ ಕ್ಯಾಮೆರಾದ ಹಿಂದಿನಿಂದಲೇ, ಬಹಳ ಗಂಭೀರವಾಗಿ ಹೇಳಿದ:

"ನೋಡ್ತಿರ್ತಾರೆ ಓಬಮ್ಮಾರೇ. ಸ್ವಲ್ಪ ಗಟ್ಟಿಯಾಗಿ ಹೇಳ್ರಿ, ದೂರ ಐತೆ."