ಮಡಚಿದ ಎಲೆಗಳು

ಗಾಜು ಕತ್ತರಿಸಿ ಮಾರುವ ಗಾಜಿನಣ್ಣನ ಕಣ್ಣು ಕೊಳೆಯನ್ನು ಸಹಿಸುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಅವನ ನೋಟ ಮೊದಲು ಕಿಟಕಿಗೆ ಹೋಗುತ್ತಿತ್ತು, ಮನೆಯವರ ಮುಖಕ್ಕೆ ಆಮೇಲೆ. ಮಾತಾಡುತ್ತಲೇ ಅಂಗಿಯ ತೋಳಿನಿಂದ ಗಾಜಿನ ಮೇಲಿನ ಬೆರಳಚ್ಚು ಒರೆಸಿಬಿಡುತ್ತಿದ್ದ. ಪಕ್ಕದಂಗಡಿಯ ಬೀಗದವನು ಗಿರಾಕಿಗಳನ್ನು ಎಚ್ಚರಿಸುತ್ತಿದ್ದ: "ಇವನ ಮುಂದೆ ಕನ್ನಡಕ ಹಾಕ್ಕೊಂಡು ನಿಲ್ಲಬೇಡ್ರಪ್ಪ, ಮೂಗಿನ ಸಮೇತ ಉಜ್ಜಿಬಿಡ್ತಾನೆ."

ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ತಾಯಿ ತೀರಿಕೊಂಡಾಗ ಅವನು ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದ ಮಗು. ಅಕ್ಕ ಲಾಂಡ್ರಿಗೆ ಸೇರಿದಳು. ಆಸ್ಪತ್ರೆಗಳಿಂದ ಬರುವ ಹಾಸು ಹೊದಿಕೆಗಳನ್ನು ಇಸ್ತ್ರಿ ಮಾಡಿ ಮಡಚುವ ಕೆಲಸ. ತನ್ನ ಮದುವೆಯ ಮಾತನ್ನು ಯಾವಾಗ ಕೈಬಿಟ್ಟಳೋ ಯಾರಿಗೂ ಗೊತ್ತಿಲ್ಲ. ಕೂದಲು ನರೆಯುವವರೆಗೂ ಮಡಚಿದಳು. ತಮ್ಮನಿಗೂ ಕಲಿಸಲು ನೋಡಿದ್ದಳು. ಅವನು ಮಡಚಿಟ್ಟ ಅಂಗಿ ಕಪಾಟಿನೊಳಗೇ ಬಿಚ್ಚಿಕೊಂಡು ಬೀಳುತ್ತಿತ್ತು. "ನಿನ್ನ ಕೈಗೆ ಗಾಜೇ ಸರಿ ಪುಟ್ಟ. ಅದನ್ನ ಮಡಚೋದೇ ಬೇಡ" ಎಂದು ನಗುತ್ತಿದ್ದಳು. ಅವನ ಮೀಸೆ ಬೆಳ್ಳಗಾದರೂ ಅವಳಿಗೆ ಅವನು ಪುಟ್ಟನೇ.

ಲಾಂಡ್ರಿಯ ಹಿಂದೆ ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಹೊಂಡವಿತ್ತು. ಮಳೆನೀರು ನಿಂತು ಜೊಂಡು ಬೆಳೆದಿತ್ತು. ಊಟದ ಬಿಡುವಿನಲ್ಲಿ ಅಕ್ಕ ಅಲ್ಲಿ ಕೂರುತ್ತಿದ್ದಳು. ಆ ನೀರಿನಲ್ಲಿ ನೀರುಹಲ್ಲಿಗಳಿದ್ದವು. ಆಕಾರ ಹಲ್ಲಿಯದು, ತೇವದ ಮೈ ಮಾತ್ರ ಕಪ್ಪೆಯದು. ಅಂಚಿನ ನೀರುಗಿಡಗಳಲ್ಲಿ ಕೆಲವು ಎಲೆಗಳು ನೀಟಾಗಿ ಮಡಚಿಕೊಂಡಿರುತ್ತಿದ್ದವು. ಬಿಡಿಸಿದರೆ ಒಳಗೆ ಸಾಸಿವೆಯಷ್ಟು ಮೊಟ್ಟೆ, ಒಂದು ಎಲೆಗೆ ಒಂದೇ. ಯಾರು ಮಡಚುತ್ತಾರೆ, ಹೇಗೆ ಮಡಚುತ್ತಾರೆ ಎಂಬುದನ್ನು ಮಾತ್ರ ಅವಳು ಒಮ್ಮೆಯೂ ಕಂಡಿರಲಿಲ್ಲ. ಈ ಎಲೆಗಳ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಅವಳದೆನ್ನುವ ಗುಟ್ಟು ಇದ್ದದ್ದು ಅದೊಂದೇ.

ಕೆಲಸ ಬಿಟ್ಟ ಮೇಲೆ ಅವಳ ಶ್ವಾಸಕೋಶ ಸೋಲತೊಡಗಿತು. ಮಂಚದ ಪಕ್ಕಕ್ಕೆ ಆಮ್ಲಜನಕದ ಯಂತ್ರ ಬಂತು. ಅದೇ ಹೊತ್ತಿಗೆ ಲಾರಿಗಳು ಹೊಂಡಕ್ಕೆ ಕಟ್ಟಡದ ಕಸ ತಂದು ಸುರಿಯತೊಡಗಿದವು.

"ಹೊಂಡ ಮುಚ್ತಾರಂತೆ ಕಣೋ. ಅಷ್ಟರಲ್ಲಿ ನಂಗೆ ಅದರದೊಂದು ತುಂಡು ತಂದ್ಕೊಡು."

"ತುಂಡಾ? ಉದ್ದ ಎಷ್ಟು, ಅಗಲ ಎಷ್ಟು ಹೇಳಮ್ಮ, ಕತ್ತರಿಸಿಕೊಡ್ತೀನಿ."

"ನಾನು ಮಲಗಿದ್ದಲ್ಲಿಂದಲೇ ಕಾಣೋವಷ್ಟು."

ಬೇಕರಿಯೊಂದು ಎಸೆಯಲಿದ್ದ ಶೋಕೇಸಿನ ದಪ್ಪ ಗಾಜನ್ನು ಅವನು ಹೊತ್ತು ತಂದ. ಅಳೆದು ಕತ್ತರಿಸಿದ, ಅಂಚುಗಳನ್ನು ಕಲ್ಲಿನಿಂದ ತಿಕ್ಕಿ ಮೊಂಡು ಮಾಡಿದ, ಅಂಟು ಹಾಕಿ ತೊಟ್ಟಿಯಾಗಿ ನಿಲ್ಲಿಸಿದ. ಅಂಟಿನ ಹುಳಿ ವಾಸನೆ ಹೋಗುವವರೆಗೆ ತೊಟ್ಟಿಯನ್ನು ಅಂಗಡಿಯಲ್ಲೇ ಇಟ್ಟ. ಆಮೇಲೆ ಅದರ ಕೆಳಗೆ ಪತ್ರಿಕೆ ಹಾಸಿ ನೀರು ತುಂಬಿಸಿ ನೋಡಿದ. ಪತ್ರಿಕೆಯ ಒಂದಕ್ಷರವೂ ಒದ್ದೆಯಾಗಲಿಲ್ಲ.

ಮುಂದಿನದೆಲ್ಲ ಅಕ್ಕನ ಯಜಮಾನಿಕೆ. ನಲ್ಲಿ ನೀರಿಗೆ ಔಷಧಿ ಹಾಕಿರುತ್ತಾರೆ, ಮಳೆನೀರೇ ಬೇಕು. ತೊಟ್ಟಿ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿರಬೇಕು. ಅಡಿಯಲ್ಲಿ ಹೊಂಡದ ಕೆಸರು, ಮೇಲೆ ತೊಳೆದ ಜಲ್ಲಿ. ಒಂದು ಮೂಲೆಯಲ್ಲಿ ಕಲ್ಲುಗಳು ಇಳಿಜಾರಾಗಿ ನೀರಿನಿಂದ ಮೇಲೇಳಬೇಕು, ನೀರುಹಲ್ಲಿಗಳು ಹತ್ತಿ ಕೂರುವುದಕ್ಕೆ. ಗಾಜನ್ನೂ ಏರುವ ಪ್ರಾಣಿ, ಮೇಲೆ ಬಲೆ ಮುಚ್ಚಬೇಕು. ಅವನು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಹೊಂಡಕ್ಕಿಳಿದು ನೀರುಗಿಡ, ಬಸವನಹುಳು, ಮೇವಿಗೆಂದು ಚುಕ್ಕಿಯಂಥ ನೀರುಚಿಗಟಗಳನ್ನು ಬಕೆಟ್ಟುಗಳಲ್ಲಿ ತಂದ. ಪ್ಯಾಂಟಿನ ಆ ಮಡಿಕೆಯೂ ಜಾರಿ ನೆನೆದಿತ್ತು. ನೀರು ತಿಳಿಯಾದ ಮೇಲೆ ಕೊನೆಯಲ್ಲಿ ಬಂದದ್ದು ನೀರುಹಲ್ಲಿಗಳ ಒಂದು ಜೋಡಿ.

ಬೆನ್ನುದ್ದಕ್ಕೂ ಜುಟ್ಟು ಎತ್ತಿಕೊಂಡು ತಿರುಗುತ್ತಿದ್ದ ಗಂಡನ್ನು ನೋಡಿ ಅಕ್ಕ, "ಅಬ್ಬಾ, ಸಾಹೇಬ್ರು ಹೆಣ್ಣು ನೋಡೋಕೆ ಹೊರಟ ಹಾಗಿದೆ" ಎಂದಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಇನ್ನೇನು ಬೇಕು ನಿಂಗೆ?" ಅವಳ ಬೆನ್ನು ನೀವುತ್ತ ಅವನು ಕೇಳಿದ.

"ಒಂದು ಮರಿ. ಹೊಂಡ ಹೋದ್ರೂ ಇವರ ವಂಶ ಹೋಗಬಾರದು. ಒಂದೇ ಒಂದು ಮರಿ ನೋಡಿದ್ರೆ ನೆಮ್ಮದಿಯಾಗಿ ಕಣ್ಣು ಮುಚ್ತೀನಿ."

"ಅಂಥ ಮಾತೆಲ್ಲ ಬೇಡ."

"ಆಯ್ತಪ್ಪ, ಎರಡು ಮರಿ ನೋಡ್ತೀನಿ. ಸರಿನಾ?"

ಒಂದು ದಿನ ಅವನು ಅಂಗಡಿಯಲ್ಲಿದ್ದಾಗ ಅವಳು ಅದನ್ನು ಕಂಡಳು. ಹೆಣ್ಣು ಎಲೆಯೊಂದನ್ನು ಹಿಂಗಾಲುಗಳಿಂದ ತಬ್ಬಿ, ತುದಿಯನ್ನು ಮೆಲ್ಲಗೆ ಬಗ್ಗಿಸಿ, ನಡುವೆ ಮೊಟ್ಟೆಯಿಟ್ಟು, ಎರಡು ಅಂಚನ್ನೂ ಒತ್ತಿ ಹಿಡಿದು ಕಾಯುತ್ತಿತ್ತು. ಲಾಂಡ್ರಿಯಲ್ಲಿ ತಾನು ಮಡಿಕೆಯ ಮೇಲೆ ಅಂಗೈಯಿಟ್ಟು ಕಾಯುತ್ತಿದ್ದ ಹಾಗೆಯೇ. ಎಲೆಯನ್ನು ಬಿಟ್ಟಾಗ ಅದು ಬಿಚ್ಚಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಗಿಡದ ತುಂಬ ಅಂಥ ಎಲೆಗಳು.

"ಭಾನುವಾರ ನಿಧಾನಕ್ಕೆ ಕೂರು, ನಿಂಗೊಂದು ತೋರಿಸ್ತೀನಿ" ಎಂದಳು ತಮ್ಮನಿಗೆ.

"ಈಗಲೇ ಹೇಳಬಾರದಾ?"

"ಹೇಳೋದಲ್ಲ ಅದು. ನೋಡೋದು."

ಭಾನುವಾರಕ್ಕೆ ಮೊದಲೇ ಅವಳನ್ನು ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು, ಮಾತು ನಿಂತಿತು. ಅವನು ಹೋದಾಗಲೆಲ್ಲ ಅವಳು ಹೊದಿಕೆಯ ತುದಿಯನ್ನು ಸಣ್ಣದಾಗಿ ಮಡಚಿ, ಅವನ ಕೈಯನ್ನೆಳೆದು ಅದರ ಮೇಲಿಡುತ್ತಿದ್ದಳು. ಅವನು ನರ್ಸಿಗೆ ಹೇಳಿದ: "ಹಳೇ ಅಭ್ಯಾಸ ಸಿಸ್ಟರ್. ಜೀವನವೆಲ್ಲ ಮಡಚಿದ ಕೈ."

ಡಾಕ್ಟರು, "ಮನೆಗೆ ಕರ್ಕೊಂಡು ಹೋಗಿ, ಇಷ್ಟಪಟ್ಟ ಜಾಗದಲ್ಲಿರಲಿ" ಎಂದ ದಿನ ಅವನಿಗೆ ಕೈಕಟ್ಟಿ ಕೂರಲಾಗಲಿಲ್ಲ. ಮನೆಗೆ ಓಡಿ ಬಂದ. ಅವಳು ಬರುವ ಹೊತ್ತಿಗೆ ತೊಟ್ಟಿ ಫಳಫಳ ಹೊಳೆಯಬೇಕು. ಗಾಜಿನ ಪಾಚಿ ಕೆರೆದ. ಗಿಡದಲ್ಲಿ ಮುದುಡಿಕೊಂಡ ಎಲೆಗಳು ಅವನ ಕಣ್ಣಿಗೆ ಚುಚ್ಚಿದವು. ಅವನ್ನು ಹುಡುಕಿ ಹುಡುಕಿ ಚಿವುಟಿದ, ಬಕೆಟ್ಟಿಗೆ ಹಾಕಿದ, ಬಕೆಟ್ಟನ್ನು ಬೀದಿಯ ಚರಂಡಿಗೆ ಸುರಿದ.

ಅಕ್ಕನನ್ನು ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿಸಿದರು. ಅವಳು ತೊಟ್ಟಿಯನ್ನು ನೋಡಿದಳು. ಮತ್ತೆ ನೋಡಿದಳು. ಉಸಿರು ಕೂಡಿಸಿಕೊಂಡು ಕೇಳಿದಳು: "ಮಡಚಿದ ಎಲೆಗಳು...?"

"ಎಲ್ಲ ಕಿತ್ತುಹಾಕಿದೆ ಅಕ್ಕ. ಎಷ್ಟೊಂದಿದ್ವು! ಒಂದನ್ನೂ ಬಿಟ್ಟಿಲ್ಲ."

ಅವನ ಮುಖ ಬೀಗುತ್ತಿತ್ತು. ಚಿಕ್ಕಂದಿನಲ್ಲಿ ಗುಂಡಿಗಳನ್ನು ಹೇಗೋ ಹಾಕಿಕೊಂಡು ಬಂದು ಎದುರು ನಿಲ್ಲುತ್ತಿದ್ದಾಗಿನ ಅದೇ ಮುಖ. ಅವಳು ಅದನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ ಕಣೋ. ಕನ್ನಡಿ ಹಾಗಿದೆ."

ಆ ವಾರವೇ ಅವಳು ಹೋದಳು. ಕಣ್ಣು ತೊಟ್ಟಿಯ ಕಡೆಗೇ ಇತ್ತು, ಅವನೇ ಮುಚ್ಚಬೇಕಾಯಿತು.

ಆಮೇಲೆ ಎಷ್ಟೋ ದಿನ ಅವನು ಆ ಮೂಲೆಯತ್ತ ತಿರುಗಲಿಲ್ಲ. ನೀರುಹಲ್ಲಿಗಳಿಗೆ ಹುಳ ಹಾಕಿ ಹೋಗುತ್ತಿದ್ದವನು ಬೀಗದವನು. ಮತ್ತೆ ಅಂಗಡಿ ತೆರೆಯಬೇಕೆಂದುಕೊಂಡ ಬೆಳಿಗ್ಗೆ ಗಾಜಿನಣ್ಣ ತೊಟ್ಟಿಯ ಮುಂದೆ ಕುಳಿತ. ಗಿಡದಲ್ಲಿ ಒಂದೇ ಒಂದು ಎಲೆ ಮುದುಡಿತ್ತು. ಕೈ ತಾನಾಗಿ ನೀರಿಗಿಳಿಯಿತು. ಚಿವುಟುವ ಮೊದಲು, ಯಾಕೋ, ಬಿಡಿಸಿದ.

ಸಾಸಿವೆಯಷ್ಟು ಮೊಟ್ಟೆ. ಅದರೊಳಗೆ ಬಾಲದಂಥದ್ದೇನೋ ಒಮ್ಮೆ ಮಿಸುಕಿತು.

ಹೊದಿಕೆಯ ತುದಿ ನೆನಪಾಯಿತು. ಅದರ ಮೇಲೆ ತನ್ನ ಕೈಯನ್ನು ಎಳೆದಿಡುತ್ತಿದ್ದ ಅಕ್ಕನ ಕೈ ನೆನಪಾಯಿತು. ಬಕೆಟ್ಟು ನೆನಪಾಯಿತು.

ಅವನು ಎಲೆಯನ್ನು ಮತ್ತೆ ಮಡಚಿದ. ಬಿಟ್ಟ ತಕ್ಷಣ ಅದು ಬಿಚ್ಚಿಕೊಂಡಿತು. ಇನ್ನೊಮ್ಮೆ ಮಡಚಿದ. ಗಾಜಿಗೆ ಗಾಜನ್ನು ಹನಿ ಸೋರದಂತೆ ಅಂಟಿಸುವ ಬೆರಳುಗಳಿಂದ ಜಾರಿ ಅದು ಮತ್ತೆ ಬಿಚ್ಚಿಕೊಂಡಿತು. ಕೊನೆಗೆ ಎರಡೂ ಅಂಚುಗಳನ್ನು ಒತ್ತಿ ಹಿಡಿದು ಹಾಗೇ ಕುಳಿತ.

ಬೀಗದವನು ಬಾಗಿಲಲ್ಲಿ ಇಣುಕಿದ. "ಏನೋ, ಅಂಗಡಿ ತೆಗೆಯಲ್ವಾ? ಏನ್ ಮಾಡ್ತಿದೀಯ ಕೈ ಮುಳುಗಿಸ್ಕೊಂಡು?"

"ಮಡಚ್ತಿದೀನಿ" ಎಂದ ಗಾಜಿನಣ್ಣ. ಅವನ ತೋಳು ಮೊಣಕೈವರೆಗೂ ನೆನೆದಿತ್ತು. "ನಿಲ್ತಾ ಇಲ್ಲ ಕಣೋ. ನನ್ನ ಕೈಗೆ ನಿಲ್ತಾನೇ ಇಲ್ಲ."