ಪೊರೆಗೆ ಬಂದ ಬಹುಮಾನ

ಬಲಗಣ್ಣಿನಲ್ಲಿ ಪೊರೆ ಬೆಳೆದಿದೆ ಎಂದು ಮೊನ್ನೆ ಡಾಕ್ಟರು ಹೇಳಿದಾಗ ನಾನು ನಕ್ಕುಬಿಟ್ಟೆ. ಅವರು ಗಾಬರಿಯಾದರು. ನನಗೆ ನೆನಪಾದದ್ದು ಪಕ್ಕದ ಮನೆಯ ಕ್ಯಾಮೆರಾ ಅಂಕಲ್.

ಬಳ್ಳಾರಿಯವರು. ನಲವತ್ತು ವರ್ಷ ತೆಲುಗು ಸಿನಿಮಾಗಳಿಗೆ ಛಾಯಾಗ್ರಾಹಕರಾಗಿದ್ದು, ಲಾಕ್‌ಡೌನ್ ಮುಗಿದ ಮೇಲೆ ಅಮೆರಿಕಕ್ಕೆ, ನಮ್ಮ ಈ ಮೀರಾ ಮೆಸಾ ಬಡಾವಣೆಯ ಮಗಳ ಮನೆಗೆ ಬಂದವರು. ಬಂದಾಗಿನಿಂದ ಒಂದೇ ತಕರಾರು: ಅಡುಗೆಮನೆಗೆ ಯಾರಾದರೂ ಇಂಥ ಮಾಸಲು ಹಳದಿ ಬಳಿಸುತ್ತಾರೆಯೇ? ಅದು ಬಿಳಿ ಎಂದು ಮಗಳು ಹೇಳಿದರೆ, ಬಣ್ಣದ ವಿಷಯ ನನಗೆ ಕಲಿಸಬೇಡ ಎನ್ನುವರು. ಅಷ್ಟು ದೊಡ್ಡ ಮನುಷ್ಯರ ಎದುರು ನನ್ನದೇನು? ಹಳದಿಯೇ ಅಂಕಲ್ ಎಂದು ನಾನೂ ತಲೆಯಾಡಿಸಿದ್ದೆ.

ಒಂದು ಕಣ್ಣಿನ ಪೊರೆ ತೆಗೆಸಿದರು. ಮರುದಿನ ಪಟ್ಟಿ ಬಿಚ್ಚಿದರೆ ಗೋಡೆ ಅಚ್ಚ ಬಿಳಿ. ಮಗಳು ನಕ್ಕಳು, ಅಂಕಲ್ ನಗಲಿಲ್ಲ. ಸೀದಾ ಹೋಗಿ ಟಿವಿಯಲ್ಲಿ ತಮ್ಮ ಕೊನೆಯ ಚಿತ್ರ ಹಾಕಿದರು. ಹಳೇ ಕಣ್ಣಿಗೆ ಎಲ್ಲ ಸರಿ. ಅದನ್ನು ಮುಚ್ಚಿ ಹೊಸ ಕಣ್ಣಿನಲ್ಲಿ ನೋಡಿದರೆ ನಾಯಕ, ನಾಯಕಿ, ಹಿಂದಿದ್ದ ಎಮ್ಮೆ ಸಹ ನೀಲಿ ಹೆಚ್ಚಾದ ಪಂಚೆಯ ಹಾಗೆ. ಪೊರೆಯ ಹಳದಿಯನ್ನು ಸರಿದೂಗಿಸಲು ತಮಗೇ ತಿಳಿಯದೆ ನೀಲಿ ಸುರಿದಿದ್ದರು. ತಮಾಷೆ ನೋಡಿ, ಬಹುಮಾನ ಬಂದದ್ದು ಆ ನೀಲಿಗೇ. ಅದು ವಿರಹದ ಬಣ್ಣ ಎಂದು ಪತ್ರಿಕೆಗಳು ಬರೆದಿದ್ದವು. ಹೌದೆಂದು ಅಂಕಲ್ ಸಂದರ್ಶನವನ್ನೂ ಕೊಟ್ಟಿದ್ದರು.

ಅದೇ ವಾರ ಹೈದರಾಬಾದಿನಿಂದ ಆ ಚಿತ್ರದ ನಿರ್ದೇಶಕನ ಫೋನು ಬಂತು. ಹೊಸ ಚಿತ್ರಕ್ಕೂ ಅದೇ ನೀಲಿ ಬೇಕಂತೆ. ಎರಡು ವರ್ಷದಿಂದ ಇಂಥ ಒಂದು ಕರೆಗಾಗಿ ಕಾದಿದ್ದವರು ಅಂಕಲ್. ಅವರನ್ನು ಆಸ್ಪತ್ರೆಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದವಳು ನಾನಾದ್ದರಿಂದ ನನ್ನನ್ನೇ ಕರೆದರು.

"ಇನ್ನೊಂದು ಕಣ್ಣಿನ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿಬಿಡಮ್ಮಾ. ಕೆಲಸ ಬಂದಿರೋದು ಪೊರೆ ಇರೋ ಈ ಕಣ್ಣಿಗೆ."

ಆಗಲಿ ಎಂದೆ, ಮಾಡಲಿಲ್ಲ. ಎರಡು ದಿನದ ನಂತರ ಅವರು ತಮ್ಮ ಮೊದಲ ಚಿತ್ರ ಹಾಕಿಕೊಂಡು, ನನ್ನನ್ನೂ ಕೂರಿಸಿಕೊಂಡು, ಹೊಸ ಕಣ್ಣಿನಿಂದ ನೋಡಿದರು. ಸಂಜೆ ಬೆಳಕಿನಲ್ಲಿ ನಾಯಕಿಯ ಮುಖ ಅಂದು ಅವರು ಕಂಡಂತೆಯೇ ಇತ್ತಂತೆ. ನಿಲ್ಲಿಸಿ ನಿಲ್ಲಿಸಿ ನೋಡಿದರು. ಆಮೇಲೆ ನಿರ್ದೇಶಕನಿಗೆ ಫೋನ್ ಮಾಡಿ ತೆಲುಗಿನಲ್ಲಿ ಏನೋ ಹೇಳಿ ಇಟ್ಟರು.

"ಆ ನೀಲಿ ನಂದಲ್ಲ, ಪೊರೇದು ಅಂದೆ. ಈ ಬೆಳಕು ನಂದು, ಇದು ಬೇಕಂದ್ರೆ ಬರ್ತೀನಿ ಅಂದೆ."

ನಿರ್ದೇಶಕ ಮತ್ತೆ ಕರೆಯಲಿಲ್ಲ. ಎರಡನೇ ಕಣ್ಣನ್ನೂ ಮಾಡಿಸಿಕೊಂಡು ಬರುವಾಗ ಅಂಕಲ್ ದಾರಿಯುದ್ದಕ್ಕೂ ಜಕರಂಡ ಮರಗಳ ನೇರಳೆ ಹೂಗಳ ಬಣ್ಣ ಹೊಗಳುತ್ತಿದ್ದರು. ಎಷ್ಟು ಸಲೀಸಾಗಿ ಬಿಟ್ಟುಕೊಟ್ಟರು ಎಂದುಕೊಂಡಿದ್ದೆ.

ಮೊನ್ನೆ ಡಾಕ್ಟರು, ಅವಸರವಿಲ್ಲ, ಒಂದು ವರ್ಷ ಕಾಯಬಹುದು ಎಂದರು. ಹತ್ತಿರದ ದಿನವೇ ಕೊಡಿ ಎಂದೆ. ಅಂದ ಮೇಲೆ ಕೈ ಸಣ್ಣಗೆ ನಡುಗಿತು. ನನಗೆ ಕಳೆದುಕೊಳ್ಳಲು ಬಹುಮಾನವೂ ಇಲ್ಲ, ಕಾದಿರುವ ನಿರ್ದೇಶಕನೂ ಇಲ್ಲ. ಅಂದು ಫೋನ್ ಹಿಡಿದಿದ್ದ ಅಂಕಲ್ ಕೈಯನ್ನು ನಾನು ನೋಡಿರಲೇ ಇಲ್ಲ.