ಮಾವನ ಬಂದೂಕು ತಿಕ್ಕಿದ್ದು

ಎಪ್ಪತ್ತರ ದಶಕದಲ್ಲಿ ನಾನು ನೀರಮಾನ್ವಿಯಿಂದ ದೇವದುರ್ಗಕ್ಕೆ ಸೊಸೆಯಾಗಿ ಬಂದೆ. ಆ ಮನೆಯಲ್ಲಿ ಅತ್ತೆ ಇರಲಿಲ್ಲ, ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇದ್ದದ್ದು ಮಾವ, ನನ್ನ ಗಂಡ, ಒಂದು ಹಿಂಡು ಕುರಿ ಮತ್ತು ಒಂದು ಬಂದೂಕು. ಅತ್ತೆಯ ಕಾಟವಿಲ್ಲ ಎಂದು ತವರಿನಲ್ಲಿ ಎಲ್ಲರೂ ಖುಷಿಪಟ್ಟಿದ್ದರು. ಬಂದೂಕಿನ ವಿಷಯ ಯಾರೂ ಹೇಳಿರಲಿಲ್ಲ.

ಅದು ಮಿಲಿಟರಿ ರೈಫಲ್. ನಡುಮನೆಯ ಗೋಡೆಗೆ ಹೊಡೆದ ಎರಡು ಗೂಟಗಳ ಮೇಲೆ, ಕರಿ ಕಂಬಳಿ ಸುತ್ತಿಕೊಂಡು ಮಲಗಿರುತ್ತಿತ್ತು. ಮಾವನ ಅಪ್ಪ ನಿಜಾಮನ ಫೌಜಿನಲ್ಲಿದ್ದರಂತೆ. ನೌಕರಿ ಮುಗಿಸಿ ಬರುವಾಗ ಇನಾಮಾಗಿ ಕೊಟ್ಟದ್ದು. ನಾನು ಕಂಡ ಹಾಗೆ ಅದರಿಂದ ಒಂದು ಗುಂಡೂ ಹಾರಲಿಲ್ಲ. ಮನೆಯಲ್ಲಿ ಗುಂಡೇ ಇರಲಿಲ್ಲ. ಆದರೂ ಮಾವ ವರ್ಷವರ್ಷವೂ ಲೈಸೆನ್ಸಿನ ಕಾಗದ ಹಿಡಿದು ರಾಯಚೂರಿನ ಕಚೇರಿಗೆ ಹೋಗಿ, ದಿನಗಟ್ಟಲೆ ಬೆಂಚಿನ ಮೇಲೆ ಕೂತು, ಠಸ್ಸೆ ಹಾಕಿಸಿಕೊಂಡು ಬರುತ್ತಿದ್ದರು. ಹಾರದ ಬಂದೂಕಿಗೆ ಇಷ್ಟು ಸೇವೆ ಯಾಕೆ ಎಂದು ನನಗೆ ಒಳಗೊಳಗೇ ನಗು.

ಒಂದು ಸೋಮವಾರ ಗೊತ್ತಾಯಿತು. ಪ್ರತಿ ಸೋಮವಾರ ಮೈತೊಳೆದ ಮೇಲೆ ಮಾವ ಕಂಬಳಿ ಬಿಚ್ಚಿ, ಕಬ್ಬಿಣಕ್ಕೆ ಮಾತ್ರ ಎಣ್ಣೆಯ ಬಟ್ಟೆ ಸವರುತ್ತಿದ್ದರು. ಮರಕ್ಕೆ ಬಟ್ಟೆ ತಾಗಿಸುತ್ತಿರಲಿಲ್ಲ. ಮರದ ಹಿಡಿಯ ಮೇಲೆ, ಕೈ ಹಿಡಿಯುವ ಜಾಗದಲ್ಲಿ, ಬೆವರು ಕುಡಿದು ಕಪ್ಪಾಗಿ ನುಣ್ಣಗಾದ ಒಂದು ಕಲೆ ಇತ್ತು. ಅದರ ಮೇಲೆ ತಮ್ಮ ಅಂಗೈ ಇಟ್ಟು ಸುಮ್ಮನೆ ಕೂರುತ್ತಿದ್ದರು.

“ಇದು ನಮ್ಮಪ್ಪನ ಕೈಯವ್ವ,” ಅಂದರು. “ನಾ ಸಣ್ಣಾವ ಇದ್ದಾಗ ಸತ್ತ. ಮಕ ನೆನಪಿಲ್ಲ. ಒಂದು ಫೋಟೋ ಇಲ್ಲ. ಇದೊಂದ ನಿಶಾನಿ. ಅಂವ ಹೆಂಗ ಬಿಟ್ಟು ಹೋದ್ನೋ ಹಂಗ ಇರಬೇಕು, ಅಸಲು.”

ಆ ಮೇಲೆ ನಾನು ನಗಲಿಲ್ಲ. ಅಸಲು ಎಂದರೆ ಅಸಲೇ. ಹೆಗಲ ಪಟ್ಟಿ ಹರಿದು ಜೋತಾಡುತ್ತಿದ್ದರೂ ಹೊಲಿಸಲಿಲ್ಲ. ಮಾನ್ವಿಯಲ್ಲಿ ನಮ್ಮ ಬಳಗದ ಬಡಿಗನೊಬ್ಬ ಮರವನ್ನು ಉಜ್ಜಿ ಪಾಲಿಶ್ ಮಾಡಿಕೊಡುತ್ತೇನೆ ಅಂದದ್ದಕ್ಕೆ, ಅವನ ಕೈಯಲ್ಲಿ ಮತ್ತೆ ಒಂದು ಮಣೆಯನ್ನೂ ಮಾಡಿಸಲಿಲ್ಲ. ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಇಡಬೇಕಾಗುತ್ತಿತ್ತು. ಅಲ್ಲಿ ಮರಕ್ಕೆ ಅಂಟಿಸಿ ಕಳಿಸಿದ್ದ ನಂಬರಿನ ಚೀಟಿಯನ್ನು ಬಿಡಿಸಲು ಮಾವ ಒದ್ದೆ ಬಟ್ಟೆಯ ಚೂರು ಇಟ್ಟು ಅರ್ಧ ದಿನ ಕಾದದ್ದನ್ನು ನಾನೇ ನೋಡಿದ್ದೇನೆ. ಎಳೆಗೂಸಿನ ಕಣ್ಣಿನ ಪಿಸಿರು ತೆಗೆದ ಹಾಗೆ ತೆಗೆದರು. ಇಷ್ಟೆಲ್ಲ ಕಂಡವಳೂ ನಾನೇ, ಮುಂದಿನದನ್ನು ಮಾಡಿದವಳೂ ನಾನೇ.

ಎಂಬತ್ತರ ದಶಕ ಶುರುವಾಗಿತ್ತು. ಮಾವನ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆಂದು ಗಂಡ ಅವರನ್ನು ರಾಯಚೂರಿನ ದವಾಖಾನೆಗೆ ಕರೆದುಕೊಂಡು ಹೋದ. ಅವರು ಅಲ್ಲಿರುವಾಗಲೇ ಮಹಾನವಮಿ ಬಂತು. ಅಂದು ನಮ್ಮಲ್ಲಿ ಕೊಡಲಿ, ಕುಡುಗೋಲು, ಉಣ್ಣೆ ಕತ್ತರಿಸುವ ಕತ್ತರಿ ಎಲ್ಲವನ್ನೂ ತಿಕ್ಕಿ ತೊಳೆದು, ಭಂಡಾರದ ಅರಿಸಿನ ಹಚ್ಚಿ ಪೂಜೆಗಿಡುತ್ತೇವೆ. ಬಂದೂಕನ್ನು ಮಾತ್ರ ಮಾವ ಕಂಬಳಿಯ ಸಮೇತ ಇಟ್ಟು, ಕಂಬಳಿಗೇ ಒಂದು ಚಿಟಿಕೆ ಭಂಡಾರ ಹಾಕುತ್ತಿದ್ದರು.

ಮನೆಯಲ್ಲಿ ನಾನೊಬ್ಬಳೇ. ನನ್ನ ಕೈ ಸುಮ್ಮನಿರುವ ಕೈಯಲ್ಲ. ಕತ್ತರಿ ಕೊಡಲಿ ಫಳಫಳ ಹೊಳೆಯುತ್ತಿದ್ದವು, ಕಂಬಳಿ ಬಿಚ್ಚಿದರೆ ಬಂದೂಕು ಮಾತ್ರ ಮಸಿ ಹಿಡಿದ ಬೋಗುಣಿಯ ಹಾಗೆ ಕಂಡಿತು. ಮಾವ ಹೊಸ ಕಣ್ಣು ಮಾಡಿಸಿಕೊಂಡು ಬರುತ್ತಾರೆ, ಮೊದಲು ಕಾಣುವುದು ತಮ್ಮ ಅಪ್ಪನ ಬಂದೂಕೇ ಆಗಲಿ, ಅದೂ ಹೊಳೆಯುತ್ತ ಕಾಣಲಿ ಅಂದುಕೊಂಡೆ. ಅವರು ಹೇಳಿದ್ದೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ಹುಣಸೆಹಣ್ಣು, ಇಟ್ಟಂಗಿ ಪುಡಿ, ತೆಂಗಿನ ನಾರು ತಗೊಂಡು ಹಿತ್ತಿಲಲ್ಲಿ ಕೂತು, ಹಿತ್ತಾಳೆ ಕೊಡ ಬೆಳಗಿದಂತೆ ಬೆಳಗಿದೆ. ಕಬ್ಬಿಣದ ಕಪ್ಪು ಹೋಗಿ ಬೆಳ್ಳಗಾಯಿತು. ಮರವೂ ಎಳೆ ಬಣ್ಣಕ್ಕೆ ತಿರುಗಿತು. ಬಿಸಿಲಿಗೆ ಒಣಗಿಸಿ, ಭಂಡಾರದ ಬೊಟ್ಟಿಟ್ಟು, ಕೈ ಮುಗಿದೆ. ನನ್ನ ಕೆಲಸಕ್ಕೆ ನಾನೇ ಹಿಗ್ಗಿದ್ದೆ.

ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಮಾವ ಬಂದರು. ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ನೀರು ಕುಡಿದು, ಕೂತ ಕೂಡಲೇ ಬಂದೂಕು ಕೇಳಿದರು. ತಂದು ತೊಡೆಯ ಮೇಲಿಟ್ಟೆ. ಅವರ ಅಂಗೈ ಮರದ ಮೇಲೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಮರ ನೀರು ಕುಡಿದು ತರಿತರಿಯಾಗಿತ್ತು.

“ಯವ್ವಾ, ಇದು ಯಾರದು?” ಅಂದರು. “ಠಾಣೆದವರು ಬಂದು ಬದಲಿ ಮಾಡ್ಯಾರೇನು?”

ಆಗ ನನಗೆ ತಿಳಿಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರೆ. ನಾನು ಅಪ್ಪನನ್ನೇ ಅಳಿಸಿಬಿಟ್ಟಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗಂಡ ಬಾಯಿಗೆ ಬಂದಂತೆ ಬೈಯತೊಡಗಿದ.

“ಬೈಬ್ಯಾಡಲೇ. ನನ್ನ ಕಣ್ಣಿಗಂತ ಮಾಡ್ಯಾಳ,” ಅಂದರು ಮಾವ. ಅಷ್ಟೇ. ಬಂದೂಕನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಅವರು ನನ್ನನ್ನು ಹೊಡೆದಿದ್ದರೂ ಚೆನ್ನಾಗಿತ್ತು.

ಆ ಮೇಲೆ ಸೋಮವಾರ ಬಂದರೂ ಮಾವ ಕಂಬಳಿ ಬಿಚ್ಚಲಿಲ್ಲ. ನಾನೇ ಎಣ್ಣೆ ಸವರಿದೆ, ಕೊಬ್ಬರಿ ಎಣ್ಣೆ, ಹೊಲಿಗೆ ಮಿಷನ್ನಿನ ಎಣ್ಣೆ, ಸಿಕ್ಕಿದ್ದೆಲ್ಲ. ಕೆಂಪು ತುಕ್ಕು ನಿಲ್ಲಲಿಲ್ಲ. ಲೈಸೆನ್ಸಿನ ಅವಧಿ ಮುಗಿಯುವ ಹೊತ್ತಿಗೆ ನಾನೇ ನೆನಪು ಮಾಡಿದೆ.

“ಬ್ಯಾಡ ಬಿಡವ್ವ,” ಅಂದರು. “ಅಪ್ಪನ ಸಲುವಾಗಿ ರಾಯಚೂರಿಗೆ ತಿರುಗತಿದ್ದೆ. ಈಗ ಬರೀ ಕಬ್ಬಿಣ ಅದ.”

ಗಂಡ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದ. ಮಾವ ಆ ರಸೀದಿಯನ್ನು ಕೇಳಲೂ ಇಲ್ಲ. ಗೋಡೆಯ ಗೂಟಗಳಿಗೆ ನಾನು ಏನನ್ನೂ ತೂಗುಹಾಕಲಿಲ್ಲ, ಮನಸ್ಸು ಬರಲಿಲ್ಲ.

ನಾಲ್ಕೈದು ವರ್ಷದ ಮೇಲೆ ಮಾವ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಅಂಬಲಿ ಕುಡಿಸಲು ಹೋದಾಗ ತಮ್ಮ ಬಲಗೈಯನ್ನೇ ನೋಡುತ್ತ ಮಲಗಿದ್ದರು.

“ಯವ್ವಾ, ಒಂದು ಮಾತು ಕೇಳ್ತೀನಿ. ಆ ನಿಶಾನಿ ನನ್ನ ಕೈಗಿಂತ ದೊಡ್ಡದಿತ್ತೇನು? ಎಷ್ಟು ವರ್ಷ ಕೈ ಇಟ್ಟೀನಿ, ಈಗ ನೆನಪ ಆಗವಲ್ದು. ಕಡೀಗೆ ನೋಡಿದಾಕಿ ನೀನ ಅಲ್ಲೇನು?”

“ದೊಡ್ಡದಿತ್ರಿ ಮಾವಾ,” ಅಂದೆ. “ಬೆರಳು ಸುದ್ದಾ ಬ್ಯಾರೆ ಬ್ಯಾರೆ ಕಾಣ್ತಿದ್ವು.”

ಅವರು ಬೆರಳುಗಳನ್ನು ಅಗಲಿಸಿ, ಎಷ್ಟು ದೊಡ್ಡದಿರಬಹುದು ಎಂದು ಗಾಳಿಯಲ್ಲೇ ಅಳೆದು ನೋಡಿದರು. ಮುಖ ಸ್ವಲ್ಪ ಸಡಿಲವಾಯಿತು. ನಾನು ಅಂಬಲಿಯ ಬಟ್ಟಲು ಹಿಡಿದು ತಲೆ ತಗ್ಗಿಸಿದೆ. ಅಂದು ಅಷ್ಟು ಹೊತ್ತು ಕೂತು ತಿಕ್ಕಿದವಳು, ಆ ಕಲೆಯನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.